ಖಣಿಯಿಂದ ಕುರ್ಚಿಗೆ

ತಮ್ಮಾ, ಮೊನ್ನೆ ಶಹಾಬಾದ್ ಸ್ಟೇಷನ್ನಿನಲ್ಲಿ ನಿನ್ನನ್ನು ಕಂಡೆ. ಗಾಡಿ ಇನ್ನೂ ಬಂದಿರಲಿಲ್ಲ. ನೀನೂ ನಿನ್ನ ವಿದ್ಯಾರ್ಥಿಗಳೂ ಬೆಂಚಿನ ಮೇಲೆ ಸಾಲಾಗಿ ಕೂತು ಮೊಬೈಲು ನೋಡುತ್ತಿದ್ದಿರಿ, ಅಷ್ಟುದ್ದದ ಪ್ಲಾಟ್‌ಫಾರ್ಮು ಖಾಲಿ ಬಿದ್ದಿತ್ತು. ಗಾಡಿಯಲ್ಲಿ ಕೂತು ಕಲಬುರಗಿಗೆ, ಅಲ್ಲಿಂದ ಆಟೋದಲ್ಲಿ ಕೂತು ಸೇಡಂ ರಸ್ತೆಯ ವಿಶ್ವವಿದ್ಯಾಲಯಕ್ಕೆ, ಸಂಜೆಯತನಕ ವಿಭಾಗದಲ್ಲಿ ಕೂತು ಮತ್ತೆ ಗಾಡಿಗೆ. ನಾನೂ ಮೂವತ್ತು ವರ್ಷ ಪಾಠ ಮಾಡಿದವನು, ಬೈಯುತ್ತಿದ್ದೇನೆ ಅಂದುಕೊಳ್ಳಬೇಡ.

ನಮ್ಮ ಕಡೆ ಮೈ ದಣಿಸುವುದು ಅಂದರೆ ಹೊಟ್ಟೆಪಾಡು. ನಿನ್ನಪ್ಪ ಫರ್ಸಿ ಖಣಿಯಲ್ಲಿ ಕಲ್ಲು ಎಬ್ಬಿಸುವುದನ್ನು ನಾನು ಕಂಡಿದ್ದೇನೆ. ಪದರದ ಸಂದಿಗೆ ಉಳಿ ಇಟ್ಟು, ಉದ್ದಕ್ಕೂ ಒಂದೇ ಅಳತೆಯಲ್ಲಿ ಬಡಿಯುತ್ತ ಹೋಗುತ್ತಿದ್ದ. ಒಂದು ಪೆಟ್ಟು ಜೋರು ಬಿದ್ದರೆ ಚಪ್ಪಡಿ ಒಡೆದು ದಿನದ ಕೂಲಿ ಹೋಯಿತು. ಮಧ್ಯಾಹ್ನ ರೊಟ್ಟಿ ಮುರಿಯಲಿಕ್ಕೆ ಬೆರಳು ಮಡಚುತ್ತಿರಲಿಲ್ಲ. "ನನ್ನ ಮಗ ನೆರಳಾಗ ಕುಂತು ಉಣ್ಣಬೇಕ್ರಿ ಸರ್" ಅಂತಿದ್ದ. ಸೇಡಂ, ಚಿತ್ತಾಪುರದ ತೊಗರಿ ಹೊಲದವರೂ ವಾಡಿಯಲ್ಲಿ ಸಿಮೆಂಟ್ ಚೀಲ ಹೊತ್ತವರೂ ಅದೇ ಆಸೆಯಿಂದ ಮಕ್ಕಳನ್ನು ಓದಿಸಿದರು. ಹಾಗಾಗಿ ಕುರ್ಚಿ ನಮಗೆ ಮರ್ಯಾದೆಯಾಯಿತು. ಮೇಷ್ಟ್ರು ನಡೆದು ಬಂದರೆ "ಗಾಡಿ ಕೆಟ್ಟದೇನ್ರಿ ಸರ್?" ಅಂತ ಕೇಳುತ್ತಾರೆ. ಆ ಮಾತಿಗೆ ನಾಚಿ ನಾನೂ ಎಷ್ಟೋ ವರ್ಷ ನಡಿಗೆ ಬಿಟ್ಟಿದ್ದೆ, ಆಮೇಲೆ ಸಕ್ಕರೆ ಕಾಯಿಲೆ ಬಂತು.

ಅಪ್ಪನ ಮೈ ದುಡಿದು ಸವೆಯಿತು, ನಿನ್ನದು ಕೂತು ಸವೆಯುತ್ತಿದೆ. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯ ಲೆಕ್ಕ ತೆಗೆದು ತೋರಿಸಿದರು: ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಡ್ರೈವರುಗಳಿಗೆ ಹೃದಯದ ಕಾಯಿಲೆ ಹೆಚ್ಚು. ಬಸ್ಸು ಒಂದೇ, ಊರು ಒಂದೇ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯಷ್ಟು ಚಟುವಟಿಕೆ. ನಮ್ಮ ಬಿಸಿಲಿಗೆ ಹೆದರಬೇಕಾದ್ದೇ, ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಹೊತ್ತು ಹುಟ್ಟುವ ಮುಂಚೆ ನಡೆ. ಸಿಮೆಂಟ್ ಲಾರಿ ಓಡುವ ರಸ್ತೆ ಬೇಡ, ಕಾಲೇಜಿನ ಮೈದಾನ ಸಾಕು.

ನನಗೆ ಹೆಚ್ಚು ಚಿಂತೆ ಹೆಣ್ಣುಮಕ್ಕಳದು. 2022ರ ಲೆಕ್ಕದಲ್ಲಿ ನಮ್ಮ ದೇಶದ ವಯಸ್ಕ ಗಂಡಸರಲ್ಲಿ ನೂರಕ್ಕೆ 42 ಜನ ಸಾಕಷ್ಟು ಮೈ ಆಡಿಸುವುದಿಲ್ಲ, ಹೆಂಗಸರಲ್ಲಿ 57. ಅವರು ಸೋಮಾರಿಗಳೆಂದು ಹೇಳುವ ಬಾಯಿ ನನಗಿಲ್ಲ. ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಿಟ್ಟು ಕ್ಲಾಸಿಗೆ ಬರುವ ಹುಡುಗಿಯರನ್ನು ನಾನು ಬಲ್ಲೆ. ಸಂಜೆ ಮೈದಾನದಲ್ಲಿ ಗಂಡುಹುಡುಗರ ಕ್ರಿಕೆಟ್ಟು, ಇವರು ಬ್ಯಾಗು ಹಿಡಿದು ಅಂಚಿನಲ್ಲಿ ನಿಂತಿರುತ್ತಾರೆ. ನೀನು, ನಿನ್ನ ವಿಭಾಗದ ಮೇಡಂಗಳು ಮೊದಲು ಮೈದಾನಕ್ಕೆ ಇಳಿಯಿರಿ. ಮೇಷ್ಟ್ರುಗಳೇ ನಡೆಯುತ್ತಾರಂತೆ ಅಂದರೆ ಮನೆಯವರೂ ಕಳಿಸುತ್ತಾರೆ. ಚಳಿಗಾಲದಲ್ಲಿ ಒಂದು ಸಲ ಅವರನ್ನೆಲ್ಲ ಚಿಂಚೋಳಿ ಕಾಡಿಗೆ, ಚಂದ್ರಂಪಳ್ಳಿ ಕಡೆಗೆ ಕರೆದುಕೊಂಡು ಹೋಗು, ಅರಣ್ಯ ಇಲಾಖೆಯ ಪರವಾನಗಿ ಮುಂಚೆಯೇ ತಗೋ.

ಸೋಮವಾರ ಸ್ಟೇಷನ್ನಿಗೆ ಕಾಲು ತಾಸು ಮೊದಲೇ ಬಾ. ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ನಾನಿರುತ್ತೇನೆ.