ಕೋಲು, ಚೆಂಡು ಮತ್ತು ಒಂದು ಸಹಿ



ಚಿನ್ನಿದಾಂಡು ನಮಗೆಲ್ಲ ಗೊತ್ತು. ಒಂದು ಕೋಲು, ಒಂದು ಚಿನ್ನಿ. ಹೊಡೆದಷ್ಟು ದೂರ ಹೋಗಬೇಕು. ಇವತ್ತು ನಾವು ಇನ್ನೊಂದು ಕೋಲಿನ ಆಟದ ವಿಷಯ ಓದೋಣ. ಅದರ ಹೆಸರು ಗಾಲ್ಫ್. ಈ ಆಟದ ದೊಡ್ಡ ಪಂದ್ಯವೊಂದರಲ್ಲಿ ಗೆದ್ದ ಹೆಂಗಸರ ಕತೆ ಇಲ್ಲಿದೆ. ಗೆದ್ದೂ ಸೋತ ಒಬ್ಬ ತಾಯಿಯ ಕತೆಯೂ ಇದೆ.

ಆಟ ಹೇಗೆ?

ಗಾಲ್ಫ್ ಹುಟ್ಟಿ ಬೆಳೆದದ್ದು ಸ್ಕಾಟ್ಲೆಂಡ್ ದೇಶದಲ್ಲಿ. ಹಸಿರು ಹುಲ್ಲಿನ ದೊಡ್ಡ ಬಯಲು. ಅಲ್ಲಲ್ಲಿ ಮರ, ಮರಳು, ನೀರಿನ ಹೊಂಡ. ಬಯಲಿನಲ್ಲಿ ದೂರ ದೂರಕ್ಕೆ 18 ಸಣ್ಣ ಕುಳಿಗಳು. ನಿಂಬೆಹಣ್ಣಿನ ಗಾತ್ರದ ಬಿಳಿ ಚೆಂಡನ್ನು ಕೋಲಿನಿಂದ ಹೊಡೆಯುತ್ತಾ ಹೋಗಿ ಕುಳಿಯೊಳಗೆ ಬೀಳಿಸಬೇಕು. ಒಂದು ಕುಳಿ ಮುಗಿದರೆ ಮುಂದಿನ ಕುಳಿ.

18 ಕುಳಿ ಮುಗಿದರೆ ಒಂದು ಸುತ್ತು. ದೊಡ್ಡ ಪಂದ್ಯಗಳಲ್ಲಿ ನಾಲ್ಕು ಸುತ್ತು ಆಡುತ್ತಾರೆ. ಅಂದರೆ 72 ಕುಳಿ.

ಬೇರೆ ಆಟದಲ್ಲಿ ಹೆಚ್ಚು ಅಂಕ ತೆಗೆದವರು ಗೆಲ್ಲುತ್ತಾರೆ. ಇಲ್ಲಿ ಹಾಗಲ್ಲ. ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆದ್ದಂತೆ. ಆದ್ದರಿಂದ ಪ್ರತಿ ಕುಳಿಗೆ ಎಷ್ಟು ಹೊಡೆತ ಆಯಿತು ಅಂತ ಒಂದು ಚೀಟಿಯಲ್ಲಿ ಬರೆಯುತ್ತಾರೆ. ಈ ಚೀಟಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದೆ ಅದರದ್ದೇ ಕತೆ ಇದೆ.

ಹೆಂಗಸರ ಪಂದ್ಯ, ಹೆಂಗಸರ ಸಂಘ

ಅಮೆರಿಕದಲ್ಲಿ ಗಂಡಸರ ದೊಡ್ಡ ಗಾಲ್ಫ್ ಪಂದ್ಯ 1895ರಲ್ಲೇ ಶುರುವಾಯಿತು. ಅದರ ಹೆಸರು ಯು.ಎಸ್. ಓಪನ್. ಹೆಂಗಸರಿಗೆ ಅಂಥ ಪಂದ್ಯ ಬರಲು 51 ವರ್ಷ ಕಾಯಬೇಕಾಯಿತು. 1946ರಲ್ಲಿ ಸ್ಪೊಕೇನ್ ಎಂಬ ಊರಿನಲ್ಲಿ ಮೊದಲ ಮಹಿಳಾ ಓಪನ್ ನಡೆಯಿತು. ಪ್ಯಾಟಿ ಬರ್ಗ್ ಎಂಬಾಕೆ ಗೆದ್ದರು.

ಆಗ ಹಣಕ್ಕಾಗಿ ಗಾಲ್ಫ್ ಆಡುವ ಹೆಂಗಸರು ಕೆಲವೇ ಮಂದಿ. ಹೆಣ್ಣಿಗೆ ಇದೆಲ್ಲ ಯಾಕೆ ಅಂತ ಜನ ಕೇಳುತ್ತಿದ್ದರು. 1950ರಲ್ಲಿ ಹದಿಮೂರು ಜನ ಆಟಗಾರ್ತಿಯರು ಸೇರಿ ತಮ್ಮದೇ ಸಂಘ ಕಟ್ಟಿದರು. ಪ್ಯಾಟಿ ಬರ್ಗ್ ಮೊದಲ ಅಧ್ಯಕ್ಷೆ. ಪಂದ್ಯ ಏರ್ಪಾಡು ಮಾಡುವುದು, ಲೆಕ್ಕ ಬರೆಯುವುದು, ಯಾರ ಜೊತೆ ಯಾರು ಆಡಬೇಕು ಎಂದು ಪಟ್ಟಿ ಮಾಡುವುದು, ಎಲ್ಲ ಅವರೇ. ತಾವೇ ಕಾರು ಓಡಿಸಿಕೊಂಡು ಊರಿಂದ ಊರಿಗೆ ಹೋಗುತ್ತಿದ್ದರು. ಹದಿಮೂರು ಜನರಿಂದ ಶುರುವಾದ ಆ ಸಂಘ ಇಂದು ಜಗತ್ತಿಗೇ ಗೊತ್ತು. ಸಂಘ ಕಟ್ಟಿದವರಿಗೆ ಅದರ ಕಷ್ಟವೂ ಗೊತ್ತು, ಬಲವೂ ಗೊತ್ತು ಅಲ್ಲವೇ?

ಕಾಯಿಲೆಯನ್ನು ಮುಚ್ಚಿಡದ ಬೇಬ್

ಆ ಹದಿಮೂರು ಜನರಲ್ಲಿ ಒಬ್ಬರು ಬೇಬ್ ಜಹಾರಿಯಸ್. ಟೆಕ್ಸಾಸ್ ರಾಜ್ಯದಲ್ಲಿ 1911ರಲ್ಲಿ ಹುಟ್ಟಿದರು. ತಂದೆ ತಾಯಿ ನಾರ್ವೆ ದೇಶದಿಂದ ಬಂದು ನೆಲೆಸಿದವರು. ಏಳು ಮಕ್ಕಳಲ್ಲಿ ಬೇಬ್ ಆರನೆಯವರು. 1932ರ ಒಲಿಂಪಿಕ್ಸ್‌ನಲ್ಲಿ ಓಟ ಮತ್ತು ಭರ್ಜಿ ಎಸೆತದಲ್ಲಿ ಎರಡು ಚಿನ್ನ ಗೆದ್ದರು. ಎತ್ತರ ಜಿಗಿತದಲ್ಲಿ ಬೆಳ್ಳಿ. ಆಮೇಲೆ ಗಾಲ್ಫ್ ಕಲಿತರು. 1948 ಮತ್ತು 1950ರಲ್ಲಿ ಮಹಿಳಾ ಓಪನ್ ಗೆದ್ದರು.

1953ರಲ್ಲಿ ಬೇಬ್‌ಗೆ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ದೊಡ್ಡ ಆಪರೇಷನ್ ಆಯಿತು. ಇನ್ನು ಆಡುವುದು ಮುಗಿಯಿತು ಅಂದರು ಜನ. ಆ ಕಾಲದಲ್ಲಿ ಕ್ಯಾನ್ಸರ್ ಎಂಬ ಹೆಸರನ್ನೇ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಮ್ಮಲ್ಲೂ ಎಷ್ಟೋ ಹೆಂಗಸರು ಕಾಯಿಲೆ ಮುಚ್ಚಿಟ್ಟುಕೊಂಡೇ ನವೆಯುತ್ತಾರೆ. ಬೇಬ್ ಮುಚ್ಚಿಡಲಿಲ್ಲ. ನನಗೆ ಈ ಕಾಯಿಲೆ ಆಗಿದೆ ಅಂತ ಎಲ್ಲರಿಗೂ ತಿಳಿಸಿದರು. ಬೇರೆ ರೋಗಿಗಳಿಗೂ ಧೈರ್ಯ ಹೇಳಿದರು.

ಮರುವರ್ಷ, 1954ರಲ್ಲಿ, ಮತ್ತೆ ಮಹಿಳಾ ಓಪನ್‌ಗೆ ಬಂದರು. ಗೆದ್ದರು. ಎರಡನೆಯವರಿಗಿಂತ 12 ಹೊಡೆತ ಕಡಿಮೆ! ಕಾಯಿಲೆ ಮತ್ತೆ ಮರುಕಳಿಸಿತು. 1956ರಲ್ಲಿ ಬೇಬ್ ತೀರಿಕೊಂಡರು. ಆಗ ಅವರಿಗೆ 45 ವರ್ಷ.

ಗೆದ್ದೂ ಸೋತ ಜಾಕಿ

ಈಗ ಚೀಟಿಯ ಕತೆಗೆ ಬರೋಣ.

ಜಾಕಿ ಪುಂಗ್ ಹವಾಯಿ ದ್ವೀಪದವರು. ಎರಡು ಹೆಣ್ಣುಮಕ್ಕಳ ತಾಯಿ. 1953ರ ಮಹಿಳಾ ಓಪನ್‌ನಲ್ಲಿ ಅವರೂ ಬೆಟ್ಸಿ ರಾಲ್ಸ್ ಎಂಬಾಕೆಯೂ ಸರಿಸಮ ಬಂದಿದ್ದರು. ಇನ್ನೊಂದು ಸುತ್ತು ಆಡಿಸಿದಾಗ ಬೆಟ್ಸಿ ಗೆದ್ದರು. ಜಾಕಿಗೆ ಕೈಗೆ ಬಂದ ತುತ್ತು ತಪ್ಪಿತು.

ನಾಲ್ಕು ವರ್ಷ ಕಳೆಯಿತು. 1957ರಲ್ಲಿ ನ್ಯೂಯಾರ್ಕ್ ಹತ್ತಿರದ ವಿಂಗ್ಡ್ ಫುಟ್ ಎಂಬ ಮೈದಾನದಲ್ಲಿ ಪಂದ್ಯ. ಜಾಕಿ ಬಹಳ ಚೆನ್ನಾಗಿ ಆಡಿದರು. ನಾಲ್ಕು ಸುತ್ತಿಗೆ ಅವರ ಹೊಡೆತ 298. ಬೆಟ್ಸಿ ರಾಲ್ಸ್ ಅವರದು 299. ಒಂದೇ ಒಂದು ಹೊಡೆತದಿಂದ ಜಾಕಿ ಗೆದ್ದರು. ಜನ ಸುತ್ತುಗಟ್ಟಿದರು. ಚಪ್ಪಾಳೆಯೋ ಚಪ್ಪಾಳೆ. ಮಗಳೂ ಅಲ್ಲೇ ಇದ್ದಳು.

ಗಾಲ್ಫ್‌ನಲ್ಲಿ ಒಂದು ನಿಯಮ ಇದೆ. ನಿಮ್ಮ ಚೀಟಿಯನ್ನು ನೀವು ಬರೆಯುವುದಿಲ್ಲ. ಜೊತೆಯಲ್ಲಿ ಆಡುವವರು ಬರೆಯುತ್ತಾರೆ. ಅವರ ಚೀಟಿಯನ್ನು ನೀವು ಬರೆಯುತ್ತೀರಿ. ಆಟ ಮುಗಿದ ಮೇಲೆ ನಿಮ್ಮ ಚೀಟಿ ನಿಮ್ಮ ಕೈಗೆ ಬರುತ್ತದೆ. ಪ್ರತಿ ಕುಳಿಯ ಅಂಕಿ ಸರಿ ಇದೆಯೇ ಅಂತ ನೋಡಬೇಕು. ಆಮೇಲೆ ಸಹಿ ಹಾಕಬೇಕು. ಒಟ್ಟು ಕೂಡುವುದು ಅಧಿಕಾರಿಗಳ ಕೆಲಸ. ಒಂದೊಂದು ಕುಳಿಯ ಅಂಕಿಗೆ ಆಟಗಾರ್ತಿಯೇ ಜವಾಬ್ದಾರಿ.

ಜಾಕಿಯ ಜೊತೆ ಆಡಿದವರು ಬೆಟ್ಟಿ ಜೇಮ್ಸನ್. 1947ರಲ್ಲಿ ಇದೇ ಪಂದ್ಯ ಗೆದ್ದವರು. ಕೊನೆಯ ಸುತ್ತಿನ ನಾಲ್ಕನೆಯ ಕುಳಿಯಲ್ಲಿ ಜಾಕಿ ಆರು ಹೊಡೆತ ಹೊಡೆದಿದ್ದರು. ಬೆಟ್ಟಿ ಚೀಟಿಯಲ್ಲಿ ಐದು ಅಂತ ಬರೆದಿದ್ದರು. ಒಟ್ಟು ಹೊಡೆತ 72 ಅಂತ ಸರಿಯಾಗಿಯೇ ಇತ್ತು. ಆ ಗದ್ದಲದಲ್ಲಿ, ಗೆದ್ದ ಸಂತೋಷದಲ್ಲಿ, ಜಾಕಿ ಸಹಿ ಹಾಕಿಬಿಟ್ಟರು.

ಸ್ವಲ್ಪ ಹೊತ್ತಿನಲ್ಲೇ ತಪ್ಪು ಬಯಲಾಯಿತು. ನಿಜಕ್ಕಿಂತ ಕಡಿಮೆ ಅಂಕಿ ಇರುವ ಚೀಟಿಗೆ ಸಹಿ ಹಾಕಿದರೆ ಪಂದ್ಯದಿಂದಲೇ ಹೊರಗೆ. ಜಾಕಿ ಮೋಸ ಮಾಡಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ನಿಯಮ ನಿಯಮವೇ. ಬೆಟ್ಟಿಯ ಚೀಟಿಯಲ್ಲೂ ಅದೇ ಕುಳಿಗೆ ಅದೇ ತಪ್ಪು ಆಗಿತ್ತು. ಅದನ್ನು ಬರೆದವರು ಜಾಕಿ. ಇಬ್ಬರೂ ಹೊರಗಾದರು. ಪದಕ, 1,800 ಡಾಲರ್ ಬಹುಮಾನ ಬೆಟ್ಸಿ ರಾಲ್ಸ್ ಪಾಲಾಯಿತು. ಡಾಲರ್ ಎಂದರೆ ಅಮೆರಿಕದ ಹಣ.

ನೋಡಲು ಬಂದಿದ್ದ ಜನಕ್ಕೆ ತಡೆಯಲಾಗಲಿಲ್ಲ. ಆ ಮೈದಾನದ ಸದಸ್ಯರು, ಪ್ರೇಕ್ಷಕರು ಸೇರಿ ಅಲ್ಲೇ ಹಣ ಕೂಡಿಸಿದರು. ಮೂರು ಸಾವಿರ ಡಾಲರಿಗೂ ಹೆಚ್ಚು ಆಯಿತು. ಅದನ್ನು ಜಾಕಿಗೆ ಕೊಟ್ಟರು. ಬಹುಮಾನಕ್ಕಿಂತ ಹೆಚ್ಚು ಹಣ ಸಿಕ್ಕಿತು. ಆದರೆ ಗೆದ್ದವರ ಪಟ್ಟಿಯಲ್ಲಿ ಅವರ ಹೆಸರು ಇಲ್ಲ. ಮುಂದೆಯೂ ಅವರಿಗೆ ಮಹಿಳಾ ಓಪನ್ ಗೆಲ್ಲಲು ಆಗಲಿಲ್ಲ.

ಹೆಂಗಸರಾದ್ದರಿಂದ ಹೀಗಾಯಿತು ಅಂತ ಯಾರೂ ತಿಳಿಯಬೇಡಿ. 1968ರಲ್ಲಿ ಗಂಡಸರ ಮಾಸ್ಟರ್ಸ್ ಪಂದ್ಯದಲ್ಲೂ ಇಂಥದೇ ಆಯಿತು. ರಾಬರ್ಟೊ ಡಿ ವಿಸೆಂಜೊ ಎಂಬ ದೊಡ್ಡ ಆಟಗಾರರು ಒಂದು ಕುಳಿಯನ್ನು ಮೂರು ಹೊಡೆತದಲ್ಲಿ ಮುಗಿಸಿದ್ದರು. ಚೀಟಿಯಲ್ಲಿ ನಾಲ್ಕು ಅಂತ ಇತ್ತು. ನೋಡದೆ ಸಹಿ ಹಾಕಿದರು. ನಿಜಕ್ಕಿಂತ ಹೆಚ್ಚು ಅಂಕಿಗೆ ಸಹಿ ಹಾಕಿದರೆ ಆ ಹೆಚ್ಚಿನ ಅಂಕಿಯೇ ಖಾಯಂ. ಒಂದು ಹೊಡೆತದಿಂದ ಅವರು ಎರಡನೆಯವರಾದರು.

ಆಮೇಲೆ ಗೆದ್ದವರು

ಬೆಟ್ಸಿ ರಾಲ್ಸ್ ಒಟ್ಟು ನಾಲ್ಕು ಸಲ ಗೆದ್ದರು. ಮಿಕ್ಕಿ ರೈಟ್ ಎಂಬವರೂ ನಾಲ್ಕು ಸಲ ಗೆದ್ದರು. 2025ರವರೆಗೆ ಇವರನ್ನು ಮೀರಿಸಿದವರಿಲ್ಲ. 1967ರಲ್ಲಿ ಫ್ರಾನ್ಸ್ ದೇಶದ ಕ್ಯಾಥರೀನ್ ಲಕೋಸ್ಟ್ ಗೆದ್ದರು. ಅವರು ಹಣಕ್ಕಾಗಿ ಆಡುವವರಲ್ಲ. ಬಹುಮಾನದ ಹಣ ಪಡೆಯದೆ ಪದಕ ಮಾತ್ರ ಪಡೆದರು.

1998ರಲ್ಲಿ ದಕ್ಷಿಣ ಕೊರಿಯಾದ ಸೆ ರಿ ಪಾಕ್ ಬಂದರು. ವಯಸ್ಸು 20. ಆಗ ಅವರ ದೇಶದಲ್ಲಿ ಬಹಳ ಕಷ್ಟ. ಕಾರ್ಖಾನೆಗಳು ಮುಚ್ಚಿ ಜನ ಕೆಲಸ ಕಳೆದುಕೊಂಡಿದ್ದರು. ಪಂದ್ಯದಲ್ಲಿ 72 ಕುಳಿ ಮುಗಿದರೂ ಇಬ್ಬರು ಸಮ ಬಂದರು. ಮತ್ತೆ 18 ಕುಳಿ ಆಡಿಸಿದರು. ಅದರ ಕೊನೆಯ ಕುಳಿಯಲ್ಲಿ ಪಾಕ್ ಹೊಡೆದ ಚೆಂಡು ಹೊಂಡದ ದಡದ ಹುಲ್ಲಿನಲ್ಲಿ ಸಿಕ್ಕಿಕೊಂಡಿತು. ಅವರು ಯೋಚನೆ ಮಾಡಿದರು. ಬೂಟು ಬಿಚ್ಚಿದರು. ಕಾಲುಚೀಲ ಬಿಚ್ಚಿದರು. ನೀರಿಗೆ ಇಳಿದು ನಿಂತು ಚೆಂಡನ್ನು ಹೊರಗೆ ಹೊಡೆದರು. ಆಗಲೂ ಸಮವೇ! ಇನ್ನೂ ಎರಡು ಕುಳಿ ಆಡಿ ಕೊನೆಗೂ ಗೆದ್ದರು.

ಅವರ ದೇಶದ ಜನ ಟಿ.ವಿ.ಯಲ್ಲಿ ಇದನ್ನು ನೋಡಿದರು. ಎಷ್ಟೋ ಹೆಣ್ಣುಮಕ್ಕಳು ಕೋಲು ಹಿಡಿದರು. 2005ರಿಂದ 2020ರ ಒಳಗೆ ಆ ದೇಶದ ಹೆಣ್ಣುಮಕ್ಕಳು ಹತ್ತು ಸಲ ಈ ಪಂದ್ಯ ಗೆದ್ದರು. ಒಬ್ಬಳು ದಾರಿ ತೆಗೆದರೆ ಹಿಂದೆ ಬರುವವರಿಗೆ ಸುಲಭ.

ನಮ್ಮ ಬೆಂಗಳೂರಿನಲ್ಲಿ 1876ರಲ್ಲೇ ಗಾಲ್ಫ್ ಕ್ಲಬ್ ಇತ್ತು. ಅದೇ ಊರಿನ ಅದಿತಿ ಅಶೋಕ್ ಅಮೆರಿಕದ ಮಹಿಳಾ ಓಪನ್‌ನಲ್ಲೂ ಆಡಿದ್ದಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯವರಾದರು. ಒಂದೇ ಹೊಡೆತದಿಂದ ಕಂಚಿನ ಪದಕ ತಪ್ಪಿತು. ಆಗ ಮಗಳ ಕೋಲಿನ ಚೀಲ ಹೊತ್ತು ಜೊತೆಗೆ ನಡೆದವರು ತಾಯಿ.

ಹಣದ ಲೆಕ್ಕ ನೋಡಿ. 1957ರಲ್ಲಿ ಗೆದ್ದವರಿಗೆ 1,800 ಡಾಲರ್. 2022ರಲ್ಲಿ ಗೆದ್ದ ಆಸ್ಟ್ರೇಲಿಯಾದ ಮಿಂಜೀ ಲೀ ಅವರಿಗೆ 18,00,000 ಡಾಲರ್. ಎರಡು ಅಂಕಿಯನ್ನೂ ಬೆರಳಿಟ್ಟು ಓದಿ. ಮೂರು ಸೊನ್ನೆ ಹೆಚ್ಚಾಗಿವೆ. ಸಾವಿರ ಪಟ್ಟು! ಸೊನ್ನೆಗೆ ಬೆಲೆ ಇಲ್ಲ ಅಂತಾರೆ. ಅದು ಅಂಕಿಯ ಪಕ್ಕ ಕೂತರೆ ಎಷ್ಟು ಬೆಲೆ ನೋಡಿ.

ನಮ್ಮ ಚೀಟಿ, ನಮ್ಮ ಸಹಿ

ನಮ್ಮ ಬಾಳಿನಲ್ಲೂ ಇಂಥ ಚೀಟಿಗಳಿವೆ. ಸಂಘದ ಪಾಸ್‌ಬುಕ್ಕು, ಸಾಲದ ಪತ್ರ, ಕೂಲಿ ಪಟ್ಟಿ, ಜಮೀನಿನ ಕಾಗದ. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಸಹಿ ಹಾಕುತ್ತೇವೆ. ಬಹಳ ಸಂತೋಷ. ಆದರೆ ಓದದೆ ಹಾಕಿದ ಸಹಿಗೂ ಹೆಬ್ಬೆಟ್ಟಿಗೂ ಏನು ವ್ಯತ್ಯಾಸ?

ಜಾಕಿಗೆ ಓದು ಬರುತ್ತಿತ್ತು. ಅಂಕಿ ಗೊತ್ತಿತ್ತು. ಒಟ್ಟು ಸರಿ ಇತ್ತು. ಒಂದು ನಿಮಿಷ ನಿಂತು ನಾಲ್ಕನೆಯ ಕುಳಿಯ ಅಂಕಿ ನೋಡಿದ್ದರೆ ಸಾಕಿತ್ತು. ಬರೆದವಳು ಜೊತೆಗಾತಿಯೇ. ಬೇಕೆಂದು ತಪ್ಪು ಬರೆದವಳಲ್ಲ. ನಮ್ಮವರೇ ಬರೆದರೂ ನಾವು ಓದಬೇಕು. ಅದು ಅನುಮಾನ ಅಲ್ಲ, ಜವಾಬ್ದಾರಿ.

"ಬೇಗ ಹಾಕಮ್ಮ, ಹೊತ್ತಾಯ್ತು" ಅಂತ ಯಾರಾದರೂ ಅವಸರ ಮಾಡಿದರೆ ಹೀಗೆ ಹೇಳೋಣ: "ತಡೀರಿ, ಓದಿ ಹಾಕ್ತೀನಿ." ಈ ಮಾತು ಹೇಳಲು ನಾಚಿಕೆ ಬೇಡ. ನಿಧಾನವಾಗಿ ಓದಿದರೂ ಪರವಾಗಿಲ್ಲ. ಅರ್ಥವಾಗದಿದ್ದರೆ ಕೇಳೋಣ. ಅಂಕಿ ತಪ್ಪಿದ್ದರೆ ತಿದ್ದಿಸೋಣ. ಖಾಲಿ ಕಾಗದಕ್ಕೆ ಮಾತ್ರ ಎಂದೂ ಸಹಿ ಹಾಕುವುದು ಬೇಡ. ಸಹಿ ಹಾಕಿದ ಮೇಲೆ ಚೀಟಿಯಲ್ಲಿ ಇರುವುದೇ ನಮ್ಮ ಮಾತು.

ಉತ್ತರ ಹೇಳಿ

1. ಗಾಲ್ಫ್‌ನಲ್ಲಿ ಹೆಚ್ಚು ಹೊಡೆತ ಹೊಡೆದವರು ಗೆಲ್ಲುತ್ತಾರೋ, ಕಡಿಮೆ ಹೊಡೆದವರೋ?
2. ಮೊದಲ ಮಹಿಳಾ ಓಪನ್ ಯಾವ ವರ್ಷ ನಡೆಯಿತು? ಯಾರು ಗೆದ್ದರು?
3. ಬೇಬ್ ತಮ್ಮ ಕಾಯಿಲೆಯ ವಿಷಯ ಎಲ್ಲರಿಗೂ ಹೇಳಿದ್ದು ಸರಿಯೇ? ಯಾಕೆ?
4. ಜಾಕಿಯ ಚೀಟಿಯಲ್ಲಿ ಯಾವ ಕುಳಿಯ ಅಂಕಿ ತಪ್ಪಿತ್ತು? ಎಷ್ಟು ಇರಬೇಕಿತ್ತು?

ಲೆಕ್ಕ ಮಾಡಿ

1. ಸೆ ರಿ ಪಾಕ್ ಮೊದಲು 72 ಕುಳಿ, ಆಮೇಲೆ 18 ಕುಳಿ, ಮತ್ತೆ 2 ಕುಳಿ ಆಡಿದರು. ಒಟ್ಟು ಎಷ್ಟು?
2. ಸಂಘದಲ್ಲಿ ನೀವು 500 ರೂಪಾಯಿ ಕಟ್ಟಿದ್ದೀರಿ. ಪಾಸ್‌ಬುಕ್ಕಿನಲ್ಲಿ 50 ಅಂತ ಬರೆದಿದೆ. ನಿಮಗೆ ಎಷ್ಟು ನಷ್ಟ?

ಗುಂಪಿನಲ್ಲಿ ಮಾತನಾಡಿ

ಜಾಕಿಯನ್ನು ಪಂದ್ಯದಿಂದ ಹೊರಗೆ ಹಾಕಿದ್ದು ನ್ಯಾಯವೇ? ಕೆಲವರು ಹೌದು ಅನ್ನಬಹುದು, ಕೆಲವರು ಇಲ್ಲ ಅನ್ನಬಹುದು. ಇಬ್ಬರ ಮಾತೂ ಕೇಳಿ.

ಮನೆಯಲ್ಲಿ ಮಾಡಿ

ನೀವು ಸಹಿ ಹಾಕಿದ ಯಾವುದಾದರೂ ಒಂದು ಕಾಗದ ಹುಡುಕಿ. ಅದರಲ್ಲಿರುವ ಹೆಸರು, ತಾರೀಖು, ಅಂಕಿಗಳನ್ನು ಓದಿ. ತಿಳಿಯದ ಪದಕ್ಕೆ ಗೆರೆ ಎಳೆದು ನಾಳೆ ತರಗತಿಗೆ ತನ್ನಿ. ಕೂಡಿ ಓದೋಣ.