ಹೈಫನ್ನೋ ಮೈನಸ್ಸೋ? ರೇಂಜ್ ಬಿಡಿಸುವವರಿಗೆ ಎಂಟು ಸೂತ್ರ

ಪ್ರಿಂಟ್ ಕೊಡುವಾಗ ಯಾವ ಪುಟ ಬೇಕೆಂದು "1-3,7" ಅಂತ ರೇಂಜ್ ಬರೆಯುತ್ತೇವಲ್ಲ, ಅದನ್ನು 1, 2, 3, 7 ಎಂದು ಬಿಡಿಸುವ ಪ್ರೋಗ್ರಾಂ ಬರೆಯಿಸುವುದು ಪ್ರೋಗ್ರಾಮಿಂಗ್ ಕಲಿಸುವವರ ಹಳೇ ಪಾಠ. ಕಾಮಾ ಕಂಡಲ್ಲಿ ಒಡೆ, ಹೈಫನ್ ಕಂಡಲ್ಲಿ ಒಡೆ, ಮುಗಿಯಿತು ಎಂದು ಹತ್ತೇ ನಿಮಿಷದಲ್ಲಿ ಬರೆದು ಕೈತೊಳೆದುಕೊಂಡಿದ್ದೆ. ಟೆಸ್ಟ್ ಕೇಸುಗಳಲ್ಲಿ ಅರ್ಧಕ್ಕರ್ಧ ಫೇಲ್. ಅದರಿಂದ ಕಲಿತ ಸೂತ್ರಗಳು ಇವು.

1. ಕೋಡ್‌ಗಿಂತ ಮೊದಲು ಪ್ರಶ್ನೆ ಓದಿ. "3-7" ಅಂದರೆ 7 ಸೇರಿತೋ ಇಲ್ಲವೋ? ಪ್ರಿಂಟರ್ ಲೆಕ್ಕದಲ್ಲಿ ಸೇರಿತು. ಪೈಥಾನ್‌ನ ರೇಂಜ್ ಫಂಕ್ಷನ್ನಿಗೆ 3, 7 ಕೊಟ್ಟರೆ ಅದು 6ಕ್ಕೇ ನಿಲ್ಲುತ್ತದೆ. ಕೊನೆಯ ಸಂಖ್ಯೆಗೆ ಒಂದು ಕೂಡಿಸಿ.

2. ಮೈನಸ್ ಬಂದಾಗ ನಿಧಾನಿಸಿ. ರೊಸೆಟ್ಟಾ ಕೋಡ್ ತಾಣ ಈ ಲೆಕ್ಕಕ್ಕೆ ಕೊಡುವ ಮಾದರಿಯಲ್ಲೇ "-3--1" ಎಂಬ ತುಣುಕಿದೆ. ಮೂರು ಗೆರೆ, ಮೂರೂ ಒಂದೇ ರೂಪ. ನಡುವಿನದು ಮಾತ್ರ ರೇಂಜಿನದು, ಉಳಿದೆರಡು ಮೈನಸ್. ಹೈಫನ್‌ಗೆ ಸ್ಪ್ಲಿಟ್ ಮಾಡಿದರೆ ಸಿಗುವುದು ಖಾಲಿ, 3, ಖಾಲಿ, 1. ಉಪಾಯ ಸರಳ: ಮೊದಲ ಅಕ್ಷರ ಬಿಟ್ಟು ಎರಡನೆಯದರಿಂದ ಹೈಫನ್ ಹುಡುಕಿ. ಮೊದಲು ಸಿಕ್ಕಿದ್ದೇ ರೇಂಜಿನ ಗೆರೆ. ಅದರ ಎಡಕ್ಕೆ -3, ಬಲಕ್ಕೆ -1. ಸಿಗಲೇ ಇಲ್ಲವೇ? ಅದು ಒಂಟಿ ಸಂಖ್ಯೆ.

3. ಪೈಥಾನ್‌ನಲ್ಲಿ ಖಾಲಿ ಸ್ಟ್ರಿಂಗನ್ನು ಕಾಮಾಕ್ಕೆ ಒಡೆದರೆ ಸೊನ್ನೆ ತುಣುಕಲ್ಲ, ಒಂದು ಖಾಲಿ ತುಣುಕು ಬರುತ್ತದೆ. "1,,4" ಮತ್ತು "1,4," ಕೂಡ ಇದೇ ಜಾತಿ.

4. "9-4" ಎಂಬ ತಿರುಗುಮುರುಗಿಗೆ ಪೈಥಾನ್ ತುಟಿಪಿಟಕ್ಕೆನ್ನದೆ ಖಾಲಿ ಉತ್ತರ ಕೊಡುತ್ತದೆ. ಇದು ಎರರ್‌ಗಿಂತ ಕೆಟ್ಟದ್ದು. ಪ್ರಶ್ನೆ ಹೇಳದೆ ಅದಲುಬದಲು ಮಾಡುವುದು ಬರೀ ಊಹೆ. ಎರರ್ ಎಸೆಯುವುದೇ ಮೇಲು. "5-5" ಮಾತ್ರ ತಪ್ಪಲ್ಲ, ಉತ್ತರ 5.

5. ವರ್ಡ್ ಫೈಲಿನಿಂದ ಕಾಪಿ ಮಾಡಿದ "3–7" ನೋಡಿ. ಆ ಉದ್ದ ಗೆರೆ ಹೈಫನ್ ಅಲ್ಲ, ಎನ್ ಡ್ಯಾಶ್. ನಿಮ್ಮ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗಲ್ಲ. ಮೊದಲೇ ಬದಲಿಸಿಕೊಳ್ಳಿ.

6. "1-5,3-8" ರಲ್ಲಿ 3, 4, 5 ಎರಡೆರಡು ಸಲ ಬರುತ್ತವೆ. ಸೆಟ್‌ಗೆ ಹಾಕಿದರೆ ನಕಲು ಹೋಗುತ್ತದೆ, ಕ್ರಮವೂ ಹೋಗಬಹುದು.

7. "1-1000000000" ಬಂದರೆ ಬಿಡಿಸಲೇಬೇಡಿ, ಮೆಮೊರಿ ಕುಸಿಯುತ್ತದೆ. ಪ್ರೋಗ್ರಾಮಿಂಗ್ ಒಗಟುಗಳ ಸರಣಿಯಾದ ಅಡ್ವೆಂಟ್ ಆಫ್ ಕೋಡ್‌ನ 2022ರ ನಾಲ್ಕನೇ ದಿನದ ಲೆಕ್ಕಕ್ಕೂ ಬಿಡಿಸುವುದು ಬೇಕಿಲ್ಲ: ಎರಡು ರೇಂಜುಗಳು ಒಂದರ ಮೇಲೊಂದು ಬೀಳುತ್ತವೆಯೇ? ಎರಡರ ತುದಿಗಳು ಸಾಕು. ಪ್ರತಿಯೊಂದರ ಆರಂಭವೂ ಇನ್ನೊಂದರ ಕೊನೆಯನ್ನು ಮೀರದಿದ್ದರೆ ಬೀಳುತ್ತವೆ.

8. ಅಂಕಿ ಅಂದರೆ 0ಯಿಂದ 9ರವರೆಗೆ ಮಾತ್ರ ಎಂದುಕೊಂಡಿರಾ? ಪೈಥಾನ್ 3ರ ಇಂಟ್ ಫಂಕ್ಷನ್ನಿಗೆ "೧೨" ಕೊಟ್ಟರೆ ಅದು 12 ಎಂದೇ ಓದುತ್ತದೆ. ನಂಬಿಕೆ ಬಾರದಿದ್ದರೆ ಕನ್ನಡ ಕೀಲಿಮಣೆ ತೆಗೆದು ಈಗಲೇ ಟೈಪ್ ಮಾಡಿ ನೋಡಿ.