ಐದು ಪೈಸೆಯ ಕಿಟಕಿ

ಇಂಟ್ರಾಡೇ ಮಾಡುವ ಹುಡುಗರು ಹಿಂದೆಲ್ಲ ಯಾವ ಷೇರು ತಗೊಳ್ಳಲಿ ಅಂತ ಕೇಳುತ್ತಿದ್ದರು. ಈಗ ಪ್ರಶ್ನೆ ಬದಲಾಗಿದೆ. ಕಾದಿರುವ ಆರ್ಡರುಗಳನ್ನು ಬೆಲೆವಾರು ತೋರಿಸುವ ಡೆಪ್ತ್ ಇಪ್ಪತ್ತು ಸಾಲಿನದು ಸಾಕೋ, ಇನ್ನೂರು ಸಾಲಿನದು ಬೇಕೋ, ಬಣ್ಣಬಣ್ಣದ ಹೀಟ್‌ಮ್ಯಾಪ್‌ಗೆ ತಿಂಗಳ ಬಾಡಿಗೆ ಕಟ್ಟಬಹುದೋ ಎಂದು ಕೇಳುತ್ತಾರೆ. ಮೈಸೂರಿನ ಬ್ರೋಕರ್ ಕಚೇರಿಯಲ್ಲಿ ಟರ್ಮಿನಲ್ ಮುಂದೆ ಕೂತು, ಆಮೇಲೆ ಮೇಲುಕೋಟೆಗೆ ವಾಪಸು ಬಂದವನು ನಾನು. ಊರಿಗೆ ಬರುವವರು ಚೆಲುವನಾರಾಯಣನ ದರ್ಶನ ಮುಗಿಸಿ ಪುಳಿಯೋಗರೆ ಅಂಗಡಿ ಎಲ್ಲಿ ಎಂದು ಕೇಳುತ್ತಾರೆ. ಪಾಂಡವಪುರ, ನಾಗಮಂಗಲ ಕಡೆಯಿಂದ ಬೈಕಿನಲ್ಲಿ ಬರುವ ಕೆಲವರು ಮಾತ್ರ ಫೋನು ಮುಂದೆ ಹಿಡಿಯುತ್ತಾರೆ.

ಅಂಥ ಒಬ್ಬ ಹುಡುಗ ತೋರಿಸಿದ ಪರದೆ ಚೆನ್ನಾಗಿ ನೆನಪಿದೆ. ಇನ್ನೂರು ರೂಪಾಯಿ ಆಸುಪಾಸಿನ ಬ್ಯಾಂಕ್ ಷೇರು. ಎಡಕ್ಕೆ ಕೊಳ್ಳುವವರ ಐದು ಸಾಲು, ಬಲಕ್ಕೆ ಮಾರುವವರ ಐದು ಸಾಲು, ಕೆಳಗೆ ಎರಡೂ ಕಡೆಯ ಒಟ್ಟು ಮೊತ್ತ. ಕೊಳ್ಳುವವರ ಮೊತ್ತ ಮಾರುವವರದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. "ನೋಡಣ್ಣ, ಬೈಯರ್ಸ್ ಹೆಂಗೆ ಗುಡ್ಡೆ ಬಿದ್ದವ್ರೆ. ಏರೋದು ಗ್ಯಾರಂಟಿ" ಅಂದ. ಆ ಮೊತ್ತದೊಳಗೆ ಇನ್ನೂರರ ಷೇರು ನೂರ ಎಂಬತ್ತೈದಕ್ಕೆ ಸಿಕ್ಕರೆ ಸಿಗಲಿ ಎಂದು ಬೆಳಗ್ಗೆಯೇ ಆರ್ಡರ್ ಹಾಕಿ ಕೆಲಸಕ್ಕೆ ಹೋದವರೂ ಇರುತ್ತಾರೆ. ಅವರು ಈ ಕ್ಷಣ ಬೆಲೆಯನ್ನು ಒಂದು ಪೈಸೆಯೂ ಮೇಲೆತ್ತುವುದಿಲ್ಲ.

ಡೆಪ್ತ್‌ನಲ್ಲಿ ಕಾಣದಿರುವುದರ ಪಟ್ಟಿ ಇನ್ನೂ ಉದ್ದ. ಸ್ಟಾಪ್‌ಲಾಸ್ ಆರ್ಡರುಗಳು ಟ್ರಿಗರ್ ಬೆಲೆ ಮುಟ್ಟುವ ತನಕ ಡೆಪ್ತ್‌ಗೆ ಬರುವುದೇ ಇಲ್ಲ. ಬೆಲೆ ದಡದಡನೆ ಬೀಳುವಾಗ ಬೀಳಿಸುವುದು ಹೆಚ್ಚಾಗಿ ಅವೇ. ಮಾರ್ಕೆಟ್ ಆರ್ಡರ್ ಬಂದ ಕೂಡಲೇ ಎದುರಿನ ಸಾಲನ್ನು ತಿಂದು ಮುಗಿಸುತ್ತದೆ, ಕಾದು ನಿಲ್ಲುವುದಿಲ್ಲ. ದೊಡ್ಡವರು ಡಿಸ್‌ಕ್ಲೋಸ್ಡ್ ಕ್ವಾಂಟಿಟಿ ಬಳಸುತ್ತಾರೆ: ಶೇ 10ರಷ್ಟು ತೋರಿಸಿ, ಉಳಿದದ್ದನ್ನು ಮರೆಯಲ್ಲಿಟ್ಟು ಕೊಳ್ಳಬಹುದು, ಮಾರಬಹುದು. ಐದು ಸಾಲಿದ್ದದ್ದು ಇನ್ನೂರಾದರೂ ಈ ಮೂರೂ ಕಾಣುವುದಿಲ್ಲ.

ಕಂಡದ್ದಾದರೂ ನಿಜವೇ? ಬೆಲ್ಲದ ಹರಾಜಿನಲ್ಲಿ ಬೆಲೆ ಕೂಗಿದ ವರ್ತಕನ ಮುಖ ಎಲ್ಲರಿಗೂ ಗೊತ್ತು. ಕೂಗಿ ಹಿಂದೆ ಸರಿದರೆ ನಾಳೆ ಅವನ ಮಾತಿಗೆ ಮರ್ಯಾದೆ ಇಲ್ಲ. ಡೆಪ್ತ್‌ನಲ್ಲಿ ಹೆಸರೂ ಇಲ್ಲ, ಮುಖವೂ ಇಲ್ಲ. ಹಾಕಿದ ಆರ್ಡರನ್ನು ರೆಪ್ಪೆ ಬಡಿಯುವುದರೊಳಗೆ ತೆಗೆಯಬಹುದು. ಲಂಡನ್ನಿನ ಹೌನ್ಸ್ಲೋದಲ್ಲಿ ಅಪ್ಪ ಅಮ್ಮನ ಮನೆಯಲ್ಲಿ ಕೂತು ನವಿಂದರ್ ಸರಾವ್ ಎಂಬಾತ ಅಮೆರಿಕದ ಫ್ಯೂಚರ್ಸ್‌ನಲ್ಲಿ ಮಾಡಿದ್ದು ಇದನ್ನೇ: ಮಾರುವ ಮನಸ್ಸಿಲ್ಲದ ದೊಡ್ಡ ದೊಡ್ಡ ಆರ್ಡರುಗಳನ್ನು ಪೇರಿಸುವುದು, ಉಳಿದವರು ಹೆದರಿದ ಮೇಲೆ ಕಿತ್ತುಹಾಕುವುದು. 2010ರ ಮೇ 6ರ ಮಹಾಕುಸಿತದ ತನಿಖೆಯಲ್ಲಿ ಅವನ ಹೆಸರೂ ಬಂತು, 2015ರಲ್ಲಿ ಬಂಧನವಾಯಿತು. ನಮ್ಮಲ್ಲಿಯೂ 2025ರ ಏಪ್ರಿಲ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಇಂಥದ್ದೇ ಆರೋಪದ ಮೇಲೆ ಒಂದು ಬ್ರೋಕರ್ ಸಂಸ್ಥೆಯ ವಿರುದ್ಧ ಮಧ್ಯಂತರ ಆದೇಶ ಹೊರಡಿಸಿತು. ಡೆಪ್ತ್ ನೋಡಿ ನಿರ್ಧರಿಸುವವರು ಇರುವುದರಿಂದಲೇ ಈ ಆಟ ನಡೆಯುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ನನ್ನ ಮಟ್ಟಿಗೆ ತೀರ್ಮಾನವಾದದ್ದು ಇಲ್ಲಿಯೇ. 2024ರ ಜೂನ್ 10ರಿಂದ ಎನ್‌ಎಸ್‌ಇಯಲ್ಲಿ 250 ರೂಪಾಯಿಗಿಂತ ಕಡಿಮೆ ಬೆಲೆಯ ಷೇರುಗಳ ಟಿಕ್, ಅಂದರೆ ಬೆಲೆ ಇಡಬಹುದಾದ ಅತಿ ಸಣ್ಣ ಹೆಜ್ಜೆ, ಒಂದು ಪೈಸೆಗೆ ಇಳಿಯಿತು. ಅದಕ್ಕೆ ಮುಂಚೆ ಐದು ಪೈಸೆ ಇತ್ತು. ಅಂದರೆ ಚೆನ್ನಾಗಿ ಓಡುವ ಷೇರಿನಲ್ಲಿ ಐದು ಸಾಲಿನ ಡೆಪ್ತ್ ತೋರಿಸುವುದು ಒಂದೊಂದು ಕಡೆ ಐದು ಪೈಸೆಯ ಅಗಲವನ್ನು ಮಾತ್ರ. ಇಪ್ಪತ್ತು ಸಾಲಿನದು ಇಪ್ಪತ್ತು ಪೈಸೆ.

ಈಗ ಇನ್ನೂರು ರೂಪಾಯಿಯ 500 ಷೇರು ಕೊಂಡು ಅದೇ ದಿನ ಮಾರಿ. ಎರಡು ಕಡೆಯ ಬ್ರೋಕರೇಜ್ ಇಪ್ಪತ್ತಿಪ್ಪತ್ತರಂತೆ 40 ರೂಪಾಯಿ; ಮಾರುವಾಗ ಎಸ್‌ಟಿಟಿ ಶೇ 0.025ರಂತೆ 25; ಸ್ಟಾಂಪ್ ಶುಲ್ಕ 3; ಎಕ್ಸ್‌ಚೇಂಜ್ ಶುಲ್ಕ ಆರರ ಹತ್ತಿರ; ಬ್ರೋಕರೇಜ್ ಮತ್ತು ಶುಲ್ಕದ ಮೇಲೆ ಜಿಎಸ್‌ಟಿ ಎಂಟು ಚಿಲ್ಲರೆ. ಒಟ್ಟು 82 ರೂಪಾಯಿ ಸುಮಾರು. ಷೇರಿಗೆ ಹದಿನಾರು ಪೈಸೆ ಏರಿದರೂ ಗಂಟು ಬಂದಂತಾಯಿತು ಅಷ್ಟೆ, ಲಾಭ ಇನ್ನೂ ಶುರುವಾಗಿಲ್ಲ. ಐದು ಪೈಸೆಯ ಕಿಟಕಿಯಲ್ಲಿ ಇಣುಕಿ ಹದಿನಾರು ಪೈಸೆಯ ಆಚೆ ಏನಾಗುತ್ತದೆ ಎಂದು ಹೇಳಲು ಹೊರಡುವುದಕ್ಕೆ ನನ್ನಲ್ಲಿ ಧೈರ್ಯವಿಲ್ಲ. ಇಪ್ಪತ್ತು ಸಾಲಿನದೂ ಖರ್ಚನ್ನು ದಾಟಿ ಮೂರು ನಾಲ್ಕು ಪೈಸೆ ಮಾತ್ರ ಮುಂದಕ್ಕೆ ನೋಡುತ್ತದೆ.

ಸೆಬಿ 2024ರ ಜುಲೈಯಲ್ಲಿ ಪ್ರಕಟಿಸಿದ ಅಧ್ಯಯನ ಈ ಖರ್ಚಿನ ಕಥೆಯನ್ನೇ ಹೇಳುತ್ತದೆ. 2022-23ರಲ್ಲಿ ಇಂಟ್ರಾಡೇ ಮಾಡಿದ ವ್ಯಕ್ತಿಗಳಲ್ಲಿ ಶೇ 71ರಷ್ಟು ಮಂದಿ ನಷ್ಟದಲ್ಲಿದ್ದರು. ವರ್ಷಕ್ಕೆ 500ಕ್ಕಿಂತ ಹೆಚ್ಚು ಟ್ರೇಡ್ ಮಾಡಿದವರಲ್ಲಿ ಅದು ಶೇ 80. ನಷ್ಟವಾದವರು ಆ ನಷ್ಟದ ಮೇಲೆ ಅದರ ಶೇ 57ರಷ್ಟನ್ನು ಖರ್ಚೆಂದೇ ಕಟ್ಟಿದ್ದರು. ಡೆಪ್ತ್ ನೋಡುತ್ತ ಕೂತವನು ಸಂಖ್ಯೆ ಅಲುಗಿದಾಗಲೆಲ್ಲ ಬೆರಳು ಒತ್ತುತ್ತಾನೆ, ಟ್ರೇಡ್ ಏರುತ್ತದೆ. ಇದು ನಾನು ಹತ್ತಿರದಿಂದ ಕಂಡದ್ದು.

ಹೀಟ್‌ಮ್ಯಾಪ್, ಫುಟ್‌ಪ್ರಿಂಟ್ ಮಾರುವವರು ಹೇಳದ ಮಾತೊಂದಿದೆ. ಪ್ರತಿ ಆರ್ಡರಿನ ಹಾಕಾಟ, ತೆಗೆದಾಟವೆಲ್ಲ ತಪ್ಪದೆ ಸಿಗುವುದು ಮುಂಬೈಯಲ್ಲಿ ಎಕ್ಸ್‌ಚೇಂಜಿನ ಪಕ್ಕದಲ್ಲೇ ಸರ್ವರ್ ಇಟ್ಟುಕೊಂಡವರಿಗೆ. ನಮ್ಮ ಫೋನಿಗೆ ಬ್ರೋಕರ್ ಕಳಿಸುವುದು ಸೆಕೆಂಡಿಗೆ ಕೆಲವು ಫೋಟೋ ಮಾತ್ರ. ಎರಡು ಫೋಟೋಗಳ ನಡುವೆ ಬಂದು ಹೋದವರ ಗುರುತೇ ಇರುವುದಿಲ್ಲ. ಕೊಂಡವನು ಮುನ್ನುಗ್ಗಿದನೋ, ಮಾರಿದವನೋ ಎಂದು ಫುಟ್‌ಪ್ರಿಂಟ್ ಚಾರ್ಟ್ ಬರೆಯುವ ಅಂಕಿ ಅಲ್ಲಿ ಅಂದಾಜೇ ಸರಿ. ಅಂದಾಜಿಗೆ ಬಣ್ಣ ಬಳಿದರೆ ನೋಡಲು ಚೆನ್ನ.

ಹಾಗಾದರೆ ಯಾರಿಗೂ ಬೇಡವೇ? ಬೇಕು. ಶ್ರೀರಂಗಪಟ್ಟಣದ ಕಡೆಯ ನನ್ನ ಪರಿಚಯದವರೊಬ್ಬರು ವಹಿವಾಟು ಕಡಿಮೆಯಿರುವ ಸಣ್ಣ ಕಂಪನಿಗಳ ಷೇರನ್ನು ಸಾವಿರಗಟ್ಟಲೆ ಇಟ್ಟವರು. ಅವರು ಒಮ್ಮೆಗೇ ಮಾರ್ಕೆಟ್ ಆರ್ಡರ್ ಒತ್ತಿದರೆ ಐದು ಸಾಲೂ ಖಾಲಿಯಾಗಿ ಬೆಲೆ ಎರಡು ರೂಪಾಯಿ ಕೆಳಗೆ ಹೋಗಿ ನಿಲ್ಲುತ್ತದೆ. ಇಪ್ಪತ್ತು ಸಾಲು ನೋಡಿ, ಯಾವ ಬೆಲೆಗೆ ಎಷ್ಟು ಹಿಡಿಯುತ್ತದೆ ಎಂದು ಅಳೆದು, ಲಿಮಿಟ್ ಹಾಕಿ ತುಂಡು ತುಂಡಾಗಿ ಮಾರುತ್ತಾರೆ. ಬೆಲೆ ಎತ್ತ ಹೋಗುತ್ತದೆ ಎಂದು ಅವರು ಡೆಪ್ತನ್ನು ಕೇಳುವುದಿಲ್ಲ, ತಮ್ಮ ಸರಕು ಎಷ್ಟಕ್ಕೆ ಹೋಗುತ್ತದೆ ಎಂದಷ್ಟೇ ಕೇಳುತ್ತಾರೆ. ನೂರು, ಇನ್ನೂರು ಷೇರಿನವನಿಗೆ ಆ ಪ್ರಶ್ನೆಗೆ ಮೇಲಿನ ಒಂದು ಸಾಲೇ ಉತ್ತರ ಕೊಡುತ್ತದೆ.

ನನ್ನ ಬ್ರೋಕರ್ ಇಪ್ಪತ್ತು ಸಾಲನ್ನು ಪುಕ್ಕಟೆ ಕೊಡುತ್ತಾರೆ, ಇಟ್ಟುಕೊಂಡಿದ್ದೇನೆ. ಹೀಟ್‌ಮ್ಯಾಪ್‌ನ ಬಾಡಿಗೆ ನಿಲ್ಲಿಸಿ ಬೇರೆ ಕಂಪನಿಯ ಇನ್ನೊಂದು ಸಿಮ್ ತಂದೆ, ಇನ್ವರ್ಟರಿಗೆ ಹೊಸ ಬ್ಯಾಟರಿ ಹಾಕಿಸಿದೆ. ವೈರಮುಡಿಯ ವಾರ ಜನ ಸೇರಿ ನೆಟ್‌ವರ್ಕ್ ಕೈಕೊಡುತ್ತದೆ, ಮಳೆಗಾಲದಲ್ಲಿ ಕರೆಂಟು. ಪೊಸಿಷನ್ ತೆರೆದಿರುವಾಗ ಹಾಗಾದರೆ ಮೂರೂಕಾಲಿನ ಹೊತ್ತಿಗೆ ಬ್ರೋಕರ್ ತಾನೇ ಸ್ಕ್ವೇರ್ ಆಫ್ ಮಾಡಿ, ಅದಕ್ಕೂ ಒಂದು ಶುಲ್ಕ ಹಾಕುತ್ತಾರೆ.